ಸಿನಿಮಾ ಮತ್ತು ಕಾಂಪೌಂಡ್ ಗೋಡೆ ವಿಷಯವಾಗಿ ಪೋಷಕರಿಗೆ

ಪೋಷಕರಿಗೆಲ್ಲ ನಮಸ್ಕಾರ,

ಹೈಸ್ಕೂಲ್ ಮಕ್ಕಳಿಗೆ ಸಿನಿಮಾ ತೋರಿಸಿದ್ದು, ಕಾಂಪೌಂಡ್ ಗೋಡೆ ಮೇಲೆ ರಾಕ್ಷಸರನ್ನ ಬರೆಸಿದ್ದು ಸರಿಯಿಲ್ಲ ಅಂತ ಸೋಮವಾರದಿಂದ ಆಫೀಸ್ ರೂಮಿಗೆ ಬಂದವರು, ಫೋನ್ ಮಾಡಿದವರು, ಕ್ಲಾಸ್ ಗ್ರೂಪಲ್ಲಿ ವಾಯ್ಸ್ ಮೆಸೇಜ್ ಹಾಕಿದವರು, ಎಲ್ಲರಿಗೂ ಸೇರಿಸಿ ಒಂದೇ ಸಲ ಬರೀತಿದೀನಿ. ಒಬ್ಬೊಬ್ಬರಿಗೆ ಹೇಳ್ತಾ ಹೋದ್ರೆ ಮನೆಗೊಂದು ಥರ ಮುಟ್ಟುತ್ತೆ, ಈಗಾಗ್ಲೇ "ಸ್ಕೂಲಲ್ಲಿ ದೆವ್ವದ ಪಿಚ್ಚರ್ ಹಾಕ್ತಾರಂತೆ" ಅನ್ನೋವರೆಗೂ ಹೋಗಿದೆ. ದೆವ್ವ ಅಲ್ಲ, ಗಾಡ್ಜಿಲ್ಲಾ ಅನ್ನೋ ದೈತ್ಯ ಪ್ರಾಣಿಯ ಸಿನಿಮಾ.

ಮೊದಲು ನಮ್ಮ ತಪ್ಪು ಹೇಳ್ಬಿಡ್ತೀನಿ. ಸಿನಿಮಾ ಇದ್ದಿದ್ದು 8, 9, 10ನೇ ಕ್ಲಾಸಿನವರಿಗೆ ಮಾತ್ರ. ಆದ್ರೆ ಸೆಕೆ ಅಂತ ಹಾಲ್ ಬಾಗಿಲು ತೆಗೆದಿಟ್ಟಿದ್ವಿ, ನೀರು ಕುಡಿಯೋಕೆ ಬಂದ ಎರಡನೇ ಕ್ಲಾಸಿನ ನಾಲ್ಕೈದು ಮಕ್ಕಳು ಅಲ್ಲೇ ನಿಂತು ನೋಡಿಬಿಟ್ರು. ಅದರಲ್ಲೊಂದು ಮಗು ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ. ಆ ತಾಯಿ ಬಂದು ಜೋರು ಮಾಡಿದ್ದು ನ್ಯಾಯವಾಗೇ ಇತ್ತು. ಅವರ ಹತ್ರ ಕ್ಷಮೆ ಕೇಳಿದೀನಿ, ಇಲ್ಲೂ ಕೇಳ್ತೀನಿ. ಇನ್ಮೇಲೆ ಬಾಗಿಲು ಹಾಕಿರುತ್ತೆ, ಹೊರಗೆ ಒಬ್ಬ ಟೀಚರ್ ಕೂತಿರ್ತಾರೆ.

ಆದ್ರೆ ಸಿನಿಮಾ ತೋರಿಸಿದ್ದೇ ತಪ್ಪು ಅಂದ್ರೆ ಮಾತ್ರ ನಾನು ಒಪ್ಪಲ್ಲ, ಬೇಜಾರು ಮಾಡ್ಕೋಬೇಡಿ. ಅದು 1954ರ ಜಪಾನಿನ ಕಪ್ಪು ಬಿಳುಪು ಸಿನಿಮಾ. ಆ ವರ್ಷ ಮಾರ್ಚಲ್ಲಿ ಅಮೆರಿಕದವರು ಬಿಕಿನಿ ದ್ವೀಪದ ಹತ್ರ ಹೈಡ್ರೋಜನ್ ಬಾಂಬ್ ಸಿಡಿಸಿ ನೋಡಿದಾಗ ಅದರ ಬೂದಿ ಮೀನು ಹಿಡಿಯೋಕೆ ಹೋಗಿದ್ದ ಒಂದು ಜಪಾನಿ ದೋಣಿ ಮೇಲೆ ಬಿತ್ತು, ಅದರಲ್ಲಿದ್ದ 23 ಜನಕ್ಕೂ ವಿಕಿರಣ ತಗುಲ್ತು. ನವೆಂಬರಲ್ಲಿ ಈ ಸಿನಿಮಾ ಬಂತು, ಬಾಂಬಿನ ಏಟಿಗೆ ಸಮುದ್ರದಿಂದ ಎದ್ದು ಬರೋ ಪ್ರಾಣಿ. ಹಿರೋಶಿಮಾ ಬಗ್ಗೆ ನಾವು ಎಷ್ಟು ವರ್ಷದಿಂದ ಪಾಠ ಮಾಡಿದೀವಿ, ಮಕ್ಕಳು ಇಸವಿ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದಾರೆ. ಈ ಸಲ ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ ಎದ್ದು ನಿಂತು "ಸಾರ್, ಹಂಗಾದ್ರೆ ಅದರ ತಪ್ಪೇನಿದೆ, ಎಬ್ಬಿಸಿದ್ದು ಇವ್ರೇ ತಾನೆ" ಅಂದ. ಅವನು ಕ್ಲಾಸಲ್ಲಿ ಬಾಯಿ ಬಿಟ್ಟಿದ್ದು ಈ ವರ್ಷ ಅದೇ ಮೊದಲು.

ಭಯದ ಬಗ್ಗೆ ತುಂಬಾ ಜನ ಕೇಳಿದೀರಿ. ನೋಡಿ, ಆ ಗರ್ಜನೆ ಯಾವ ಪ್ರಾಣಿದೂ ಅಲ್ಲ. ಸಂಗೀತ ಮಾಡಿದವರು ಡಬಲ್ ಬಾಸ್ ಅನ್ನೋ ಆಳೆತ್ತರದ ಪಿಟೀಲಿನಂಥ ವಾದ್ಯದ ತಂತಿನ, ರಾಳ ಹಚ್ಚಿದ ಚರ್ಮದ ಗ್ಲೌಸಲ್ಲಿ ಉಜ್ಜಿ ತೆಗೆದ ಸದ್ದು. ನಮ್ಮ ಮಕ್ಕಳೂ ಮಾಡಿದ್ರು, ಖಾಲಿ ಹಾರ್ಲಿಕ್ಸ್ ಡಬ್ಬದ ತಳಕ್ಕೆ ತೂತು ಹೊಡೆದು, ದಾರ ಪೋಣಿಸಿ ಗಂಟು ಹಾಕಿ, ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಎಳೆಯೋದು ಅಷ್ಟೆ. ಎಳೆದ್ರೆ ಸ್ಟಾಫ್ ರೂಮಲ್ಲಿ ಕೂತವರೂ ಎದ್ದು ಬಂದ್ರು. ಹೆದರಿದ್ದ ಆ ಎರಡನೇ ಕ್ಲಾಸಿನ ಮಗು ಕೈಗೂ ಬುಧವಾರ ಒಂದು ಡಬ್ಬ ಕೊಟ್ವಿ. ಭಯ ಪೂರ್ತಿ ಹೋಗಿದೆ ಅಂತ ನಾನು ಹೇಳಲ್ಲ, ಡಬ್ಬ ಮಾತ್ರ ವಾಪಸ್ ಕೊಟ್ಟಿಲ್ಲ.

ಇನ್ನು ಗೋಡೆ. ಸಿನಿಮಾ ಆದ್ಮೇಲೆ ಕಾಂಪೌಂಡ್ ಗೋಡೆ ಮೇಲೆ ರಾಕ್ಷಸರನ್ನ ಬರೆಯೋದು, ರಸ್ತೆಯಲ್ಲಿ ಹೋಗೋರು ಯಾರು ಬೇಕಾದ್ರೂ ನಿಂತು ಒಂದು ಕೈಯೋ ಕಾಲೋ ಸೇರಿಸೋದು ಅಂತ ಪ್ಲಾನ್. ಎಳನೀರಿನವರು ಒಂದು ಪಾದ ಬರೆದುಕೊಟ್ರು, ಆರು ಬೆರಳು. ಹೂ ಮಾರೋ ಅಜ್ಜಿ ಸುಮಾರು ಹೊತ್ತು ನೋಡಿ, ಹೆಣ್ಣು ಅಂದ್ಮೇಲೆ ಹಣೆ ಬರಿದು ಇರಬಾರ್ದು ಅಂತ ಹಸಿರು ರಾಕ್ಷಸಿಗೆ ಬೆರಳಲ್ಲೇ ಕುಂಕುಮ ಇಟ್ಟು ಹೋದ್ರು. ಇದು ಅಪಶಕುನ, ಬೆಳಿಗ್ಗೆ ಎದ್ದು ಮಕ್ಕಳು ಇದರ ಮುಖ ನೋಡ್ಕೊಂಡು ಒಳಗೆ ಬರ್ಬೇಕಾ ಅಂತ ಕೆಲವರ ಆಕ್ಷೇಪಣೆ. ಅಲ್ಲ, ನಮ್ಮ ಬೀದಿಯಲ್ಲಿ ಕಟ್ತಿರೋ ಮನೆಗಳಿಗೆಲ್ಲ ನಾಲಿಗೆ ಚಾಚಿದ ದೃಷ್ಟಿ ಬೊಂಬೆ ನೇತುಹಾಕಿರೋದು ಯಾರು? ಹಬ್ಬದಲ್ಲಿ ಕುಂಬಳಕಾಯಿಗೆ ಕಣ್ಣು ಮೀಸೆ ಬರೆಯೋರು ನಾವೇ ತಾನೆ. 90ರ ದಶಕದಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದವರು ಈ ಗ್ರೂಪಲ್ಲೇ ಇರ್ತೀರಿ, ನಾನೂ ಬರೆದಿದೀನಿ, ಸೀಮೆಸುಣ್ಣ ಸ್ಕೂಲಿಂದೇ ಕದ್ದಿದ್ದು. ಜಾತ್ರೆಯಲ್ಲಿ ದೊಡ್ಡ ಮುಖವಾಡದ ಸೋಮ ಕುಣಿಯೋವಾಗ ಆ ಕೆಂಪು ಮುಖ ನೋಡಿ ಅಪ್ಪನ ಪಂಚೆ ಹಿಡ್ಕೊಂಡು ಅತ್ತು, ಮರುವರ್ಷ ಅದನ್ನೇ ನೋಡೋಕೆ ಮುಂದೆ ಹೋಗಿ ನಿಂತವರು ನಾವು. (ಸೋಮನನ್ನ ರಾಕ್ಷಸ ಅಂತಿಲ್ಲ ಮತ್ತೆ, ಅದಕ್ಕೊಂದು ಕಂಪ್ಲೇಂಟ್ ಬರೋದು ಬೇಡ.)

ಆದ್ರೂ ನಿಮ್ಮ ಮಾತು ತಳ್ಳಿಹಾಕ್ತಿಲ್ಲ. ಗೇಟಿನ ಎದುರಿಗೇ ಇದ್ದ ರಕ್ತ ಸೋರೋ ಹಲ್ಲಿನದನ್ನ ಮಕ್ಕಳ ಜೊತೆ ಮಾತಾಡಿ ಆಟದ ಮೈದಾನದ ಕಡೆ ಗೋಡೆಗೆ ಬರೆಸ್ತೀವಿ, ಗೇಟಿನ ಹತ್ರ ಸುಣ್ಣ ಹೊಡೆಸಾಯ್ತು. ಉಳಿದವು ಇರ್ತವೆ. ಪೂರ್ತಿ ಗೋಡೆಗೆ ಸುಣ್ಣ ಹೊಡೆಸಿ ಅಂತ ಮೂರು ಜನ ಬರೆದುಕೊಟ್ಟಿದೀರಿ, ಅದು ಆಗಲ್ಲ. ಮಕ್ಕಳು ಬಿಸಿಲಲ್ಲಿ ನಿಂತು ಮಾಡಿದಾರೆ, ನಾನು ಅಳಿಸಲ್ಲ. ಬಣ್ಣದ ಖರ್ಚು ಫೀಸಿಂದ ಹೋಯ್ತಾ ಅಂತಲೂ ಕೇಳಿದೀರಿ, ಇಲ್ಲ, ಮನೆಗಳಲ್ಲಿ ಮಿಕ್ಕಿದ್ದ ಡಬ್ಬಗಳು ಅವು.

ಸಿನಿಮಾಗೆ ಬಲವಂತ ಇಲ್ಲ. ಮೊದಲೂ ಇರಲಿಲ್ಲ, ಈಗ್ಲೂ ಇಲ್ಲ. ಬೇಡ ಅನ್ನೋ ಮಕ್ಕಳು ಲೈಬ್ರರಿಯಲ್ಲಿ ಕೂರಬಹುದು, ಮಧ್ಯದಲ್ಲಿ ಭಯ ಆದ್ರೂ ಎದ್ದು ಹೋಗಬಹುದು, ಹಾಗೆ ಹೋದವರನ್ನ ಪುಕ್ಕಲು ಅಂತ ಯಾರಾದ್ರೂ ರೇಗಿಸಿದ್ರೆ ರೇಗಿಸಿದವರು ನನ್ನ ರೂಮಿಗೆ ಬರ್ತಾರೆ. 2024ರಿಂದ ಸೆನ್ಸಾರ್‌ನವರೇ ಯುಎ 7+, 13+, 16+ ಅಂತ ವಯಸ್ಸು ನೋಡಿ ಸರ್ಟಿಫಿಕೇಟ್ ಕೊಡ್ತಿದಾರೆ, ಹೈಸ್ಕೂಲ್ ಮಕ್ಕಳಿಗೆ ನಾವು 13+ ದಾಟಿ ಹೋಗಲ್ಲ. ಇನ್ನೊಂದ್ಸಲ ಹೇಳ್ತೀನಿ, ಬಲವಂತ ಇಲ್ಲ. ಆದ್ರೆ ಮನೇಲಿ ರಾತ್ರಿ ಹನ್ನೊಂದಕ್ಕೆ ಹೊದಿಕೆ ಒಳಗೆ ಫೋನಲ್ಲಿ ಒಬ್ಬೊಬ್ಬರೇ ಏನೇನು ನೋಡ್ತಾರೆ ಅಂತ ಮಕ್ಕಳೇ ನಮಗೆ ಹೇಳಿದಾರೆ, ಅದನ್ನ ಇಲ್ಲಿ ಬರೆಯಲ್ಲ. ಅದಕ್ಕಿಂತ ನಲವತ್ತು ಜನ ಜೊತೆಗೆ ಕೂತು ಕಿರುಚಿ ನಗೋದು ವಾಸಿ ಅಂತ ನನ್ನ ಅನಿಸಿಕೆ, ನಿಮಗೆ ಬೇರೆ ಅನ್ನಿಸಬಹುದು.

ಮುಂದಿನ ಸಿನಿಮಾಗೆ ಡೈರಿಯಲ್ಲಿ ಅಂಟಿಸಿರೋ ಚೀಟಿಯಲ್ಲಿ "ನೋಡಲಿ" ಅಥವಾ "ಬೇಡ" ಅಂತ ಬರೆದು ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಿ.

ಶನಿವಾರ ಹತ್ತು ಗಂಟೆಗೆ ಮಿಕ್ಕ ಗೋಡೆ ಕೆಲಸ ಇದೆ. ಬರೋರು ಹಳೇ ಬಟ್ಟೆ ಹಾಕ್ಕೊಂಡು ಬನ್ನಿ, ಗೋಡೆಗೆ ಒರಗಿಸಿ ಸ್ಕೂಟರ್ ನಿಲ್ಲಿಸಬೇಡಿ, ಹೋದ ವಾರ ಒಬ್ಬರ ಸೀಟಿಗೆ ಅಂಟಿದ ನೀಲಿ ಬಣ್ಣ ಇನ್ನೂ ಹೋಗಿಲ್ವಂತೆ.

ಇಂತಿ,
ಮುಖ್ಯೋಪಾಧ್ಯಾಯರು