ಪಾಸಾಗುವ ಅಂಕ ಬೇರೆ, ಸೀಟು ಸಿಗುವ ಅಂಕ ಬೇರೆ

ಚಿ. ಸಂಧ್ಯಾಳಿಗೆ ಆಶೀರ್ವಾದಗಳು.

ಎಂಬಿಬಿಎಸ್‌ಗೆ ಎಷ್ಟು ಅಂಕ ಬೇಕು ಎಂದು ಕೇಳಿದ್ದೀಯ. ಇದಕ್ಕೆ ಒಂದೇ ಸಂಖ್ಯೆ ಹೇಳಿ ಮುಗಿಸುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ. ಪಿಯುಸಿಯ ಅಳತೆ ಒಂದು, ನೀಟ್ ಎಂಬ ವೈದ್ಯಕೀಯ ಪ್ರವೇಶ ಪರೀಕ್ಷೆಯ ಅರ್ಹತೆಯ ಅಳತೆ ಇನ್ನೊಂದು, ಸೀಟು ಹಂಚುವ ಅಳತೆ ಮತ್ತೊಂದು. ಮೂರನ್ನೂ ಕಲಸಿಕೊಂಡಲ್ಲೇ ಹೆಚ್ಚಿನವರು ಎಡವುವುದು.

ಪಿಯುಸಿಯದು ಬೇಗ ಮುಗಿಯುವ ಮಾತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ನಾಲ್ಕರಲ್ಲೂ ಬಿಡಿಬಿಡಿಯಾಗಿ ಪಾಸಾಗಿರಬೇಕು. ಮೊದಲ ಮೂರನ್ನು ಕೂಡಿಸಿದರೆ ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳಿಗೆ ಶೇ. 40 ಎನ್ನುವುದು ಬಹುಕಾಲದಿಂದ ನಡೆದುಬಂದ ಲೆಕ್ಕ. ಅಂದರೆ ಸಾಮಾನ್ಯ ವರ್ಗಕ್ಕೆ 300ಕ್ಕೆ 150. ಗಣಿತದಲ್ಲಿ ನೂರಕ್ಕೆ ನೂರು ಬಂದರೂ ಇಲ್ಲಿ ಸೇರುವುದಿಲ್ಲ. ಒಂದು ವಿಷಯ ಕೈಕೊಟ್ಟರೆ ಅದೇ ವರ್ಷ ಮತ್ತೆ ಬರೆಯಲು ಪರೀಕ್ಷೆ 2 ಇದೆ. ಯಾವುದರಲ್ಲಿ ಹೆಚ್ಚು ಬಂತೋ ಅದೇ ಉಳಿಯುತ್ತದೆ. ಇಷ್ಟು ದಾಟಿದ ಮೇಲೆ ಪಿಯುಸಿಯ 98 ಆಗಲಿ 70 ಆಗಲಿ ಮೆಡಿಕಲ್ ರ‍್ಯಾಂಕಿಗೆ ಒಂದು ಕೂದಲೆಳೆಯಷ್ಟೂ ತೂಕ ಕೊಡುವುದಿಲ್ಲ. ಹಾಗೆಂದು ಎರಡನೇ ಪಿಯುಸಿ ಮಾತ್ರ ಓದಿದರೂ ಆಗದು. ನೀಟ್‌ನಲ್ಲಿ ಮೊದಲ ವರ್ಷದ ಪಾಠವೂ ಇದೆ. ಇನ್ನು ವಯಸ್ಸು: ಕಾಲೇಜು ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು.

ಈಗ ನೀಟ್. 180 ಪ್ರಶ್ನೆ, 720 ಅಂಕ. ಅದರಲ್ಲಿ ಜೀವಶಾಸ್ತ್ರವೇ 90 ಪ್ರಶ್ನೆ. ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಡಿತ. 2025ರಿಂದ ಐಚ್ಛಿಕ ಪ್ರಶ್ನೆಗಳಿಲ್ಲ, ಸಮಯ ಮೂರೇ ಗಂಟೆ. ಹಳೆಯ ಪತ್ರಿಕೆ ಹಿಡಿದು ಅಭ್ಯಾಸ ಮಾಡುವಾಗ ಇದು ನೆನಪಿರಲಿ.

'ಅರ್ಹತೆಗೆ 50 ಪರ್ಸೆಂಟೈಲ್' ಎಂದು ಓದಿ 360 ಅಂಕ ಬೇಕೆಂದುಕೊಂಡಿದ್ದೀಯ. ಪರ್ಸೆಂಟೈಲ್ ಬೇರೆ, ಶೇಕಡಾ ಬೇರೆ. ಬರೆದವರಲ್ಲಿ ಅರ್ಧದಷ್ಟು ಜನ ನಿನಗಿಂತ ಹಿಂದಿದ್ದರೆ ಅದು 50 ಪರ್ಸೆಂಟೈಲ್. ಸಾಮಾನ್ಯ ವರ್ಗಕ್ಕೆ ಅದು 2023ರಲ್ಲಿ 137 ಅಂಕಕ್ಕೆ ನಿಂತಿತು, 2025ರಲ್ಲಿ 144ಕ್ಕೆ. ಈ ಗೆರೆ ದಾಟಿದರೆ ಕೌನ್ಸೆಲಿಂಗ್, ಅಂದರೆ ಸೀಟು ಹಂಚಿಕೆಯ, ಸಾಲಿನಲ್ಲಿ ನಿಲ್ಲಬಹುದು, ಅಷ್ಟೆ. ಸರ್ಕಾರಿ ಸೀಟು ಅಲ್ಲಿಂದ ಗಾವುದ ದೂರ. '150 ಬಂದರೂ ಡಾಕ್ಟರ್ ಆಗಬಹುದು' ಎಂಬ ಜಾಹೀರಾತಿನ ಹಿಂದೆ ಇರುವುದು ದುಬಾರಿ ಶುಲ್ಕದ ಸೀಟು ಎಂದು ತಿಳಿ.

ಸೀಟು ಕೊಡುವುದು ಅಂಕವಲ್ಲ, ರ‍್ಯಾಂಕು. 2024ರಲ್ಲಿ ಪರಿಷ್ಕೃತ ಫಲಿತಾಂಶದ ನಂತರವೂ 17 ಮಂದಿಗೆ 720ಕ್ಕೆ 720 ಇತ್ತು. 2025ರಲ್ಲಿ ಮೊದಲ ಸ್ಥಾನದವರಿಗೇ 686. 2025ರಲ್ಲಿ 650 ದಾಟಿದವರು ನೂರು ಮಂದಿಯೂ ಇಲ್ಲ. ಅದರ ಹಿಂದಿನ ವರ್ಷ ಅಷ್ಟೇ ಅಂಕದವರು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಆದ್ದರಿಂದ ಹಳೆಯ ಕಟ್‌ಆಫ್ (ಸೀಟು ಸಿಕ್ಕ ಕೊನೆಯವರ ಅಂಕ, ರ‍್ಯಾಂಕ್) ನೋಡುವಾಗ ಅಂಕದ ಕಾಲಂ ಮುಚ್ಚಿ ರ‍್ಯಾಂಕ್ ನೋಡು. ಅದೂ ನಿನಗೆ ಸಲ್ಲುವ ಸಾಲಿನಲ್ಲೇ: ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪಟ್ಟಿಯಲ್ಲಿ ಜಿಎಂ ಎಂದರೆ ಸಾಮಾನ್ಯ, ಜಿಎಂಆರ್ ಗ್ರಾಮೀಣ, ಜಿಎಂಕೆ ಕನ್ನಡ ಮಾಧ್ಯಮ, 2ಎ, 3ಬಿ ಮುಂತಾದ ಹಿಂದುಳಿದ ವರ್ಗಗಳಿಗೂ ಹೀಗೇ. ಮೊದಲ ಸುತ್ತಿನ ಕಟ್‌ಆಫ್ ನೋಡಿಯೇ ಧೈರ್ಯಗೆಡಬೇಡ, ಕೊನೆಯ ಸುತ್ತಿನದನ್ನೂ ಪಕ್ಕದಲ್ಲಿಟ್ಟುಕೋ.

ಅಂಕ ಸಮವಾದರೆ ಮೊದಲು ಜೀವಶಾಸ್ತ್ರ, ಆಮೇಲೆ ರಸಾಯನಶಾಸ್ತ್ರ, ನಂತರ ಭೌತಶಾಸ್ತ್ರದ ಅಂಕ ನೋಡುತ್ತಾರೆ. ಅದೂ ಸಮವಾದರೆ ತಪ್ಪು ಉತ್ತರಗಳ ಪ್ರಮಾಣ ಕಡಿಮೆ ಇದ್ದವರು ಮುಂದೆ. ತಪ್ಪಿನ ಬೆಲೆ ಹೀಗೆ: 140 ಸರಿ, 40 ಖಾಲಿ ಬಿಟ್ಟರೆ 560. ಅದೇ 40ನ್ನೂ ತಪ್ಪು ಬರೆದರೆ 520. ಆದರೆ ನಾಲ್ಕರಲ್ಲಿ ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಬಲ್ಲೆಯಾದರೆ ಊಹಿಸುವುದೇ ಲಾಭ. ಸರಾಸರಿ ಒಂದೂವರೆ ಅಂಕ ಕೈಗೆ ಬರುತ್ತದೆ. ಅಲ್ಲೂ ಹೆದರಿ ಖಾಲಿ ಬಿಡುವವರಿದ್ದಾರೆ, ಅದು ಜಾಣತನವಲ್ಲ.

ಕೌನ್ಸೆಲಿಂಗ್ ಎರಡು ಕಡೆ. ಸರ್ಕಾರಿ ಕಾಲೇಜುಗಳ ಶೇ. 15 ಸೀಟು ಅಖಿಲ ಭಾರತ ಕೋಟಾ. ಏಮ್ಸ್, ಜಿಪ್ಮರ್, ಡೀಮ್ಡ್ ವಿಶ್ವವಿದ್ಯಾಲಯಗಳ ಜೊತೆ ಅದನ್ನು ಹಂಚುವುದು ಎಂಸಿಸಿ, ಅಂದರೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ. ರಾಜ್ಯದ ಪಾಲಿನದು ಕೆಇಎ. ನೀಟ್ ಬರೆದ ಮಾತ್ರಕ್ಕೆ ಕೆಇಎಗೆ ಹೆಸರು ತಾನಾಗಿ ಹೋಗುವುದಿಲ್ಲ, ಅಲ್ಲಿ ಬೇರೆಯೇ ಅರ್ಜಿ ಹಾಕಬೇಕು. ಒಳ್ಳೆಯ ರ‍್ಯಾಂಕ್ ಇಟ್ಟುಕೊಂಡು ಈ ಒಂದು ದಿನಾಂಕ ತಪ್ಪಿಸಿಕೊಂಡವರಿದ್ದಾರೆ.

ಕಾಗದಪತ್ರ ಈಗಲೇ ಶುರುಮಾಡು. ಒಂದನೇ ತರಗತಿಯಿಂದ ಓದಿದ ಶಾಲೆಗಳ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿಯ ದಾಖಲೆ ಆಧಾರ. ಜಾತಿ-ಆದಾಯ ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಸರಿಯಿದೆಯೇ ನೋಡು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯೂ ಕೇಂದ್ರದ ಒಬಿಸಿ ಪಟ್ಟಿಯೂ ಒಂದೇ ಅಲ್ಲ. ಎಂಸಿಸಿಗೆ ಕೇಂದ್ರದ ನಮೂನೆಯ ಪತ್ರವೇ ಆಗಬೇಕು. ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಿಂದೆ, ಆಧಾರ್‌ನಲ್ಲಿ ಮುಂದೆ ಇದ್ದರೆ ಈ ಬೇಸಿಗೆಯಲ್ಲೇ ಸರಿಮಾಡಿಸು.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವಾಗ, ನಿನಗೆ ನಿಜಕ್ಕೂ ಇಷ್ಟವಾದ ಕ್ರಮದಲ್ಲೇ ಕಾಲೇಜು ತುಂಬು. ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದಕ್ಕೆ ಏಟು ಬೀಳುವುದಿಲ್ಲ. ಆದರೆ ಶುಲ್ಕ ಕಟ್ಟಲಾಗದ್ದನ್ನು, ಹೋಗಲು ಮನಸ್ಸಿಲ್ಲದ್ದನ್ನು ಪಟ್ಟಿಗೇ ಸೇರಿಸಬೇಡ. ಸೀಟು ಹಂಚಿಕೆಯಾದ ಮೇಲೆ ಚಾಯ್ಸ್ 1 ಎಂದರೆ ಒಪ್ಪಿ ಸೇರುವುದು, 2 ಎಂದರೆ ಇದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುವುದು, 3 ಎಂದರೆ ಇದನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು, 4 ಎಂದರೆ ಪೂರ್ತಿ ಹೊರನಡೆಯುವುದು. 2ರಲ್ಲಿ ಮೇಲಿನದು ಸಿಕ್ಕಿತೆಂದರೆ ಹಳೆಯದು ತಾನಾಗಿ ಕೈಬಿಡುತ್ತದೆ, ಮತ್ತೆ ಕೇಳುವಂತಿಲ್ಲ. ಹಾಗಾಗಿ 2 ಒತ್ತುವ ಮೊದಲು ಮೇಲೆ ಬರೆದಿರುವ ಒಂದೊಂದು ಕಾಲೇಜಿನ ಹೆಸರನ್ನೂ ಅಪ್ಪ-ಅಮ್ಮನ ಜೊತೆ ಕೂತು ಇನ್ನೊಮ್ಮೆ ಓದು.

ಇಂತಿ,
ನಿನ್ನ ದೊಡ್ಡಪ್ಪ