ಹಳದಿ ಕಂಡ ಕೂಡಲೇ ಸೋಡಿಯಂ ಎನ್ನಬೇಡಿ

ಮಾನ್ಯ ಸಂಪಾದಕರೇ,

ತಂತಿಯ ತುದಿಗೆ ಲವಣ ಹಚ್ಚಿ ಜ್ವಾಲೆಗೆ ಹಿಡಿದು, ಬರುವ ಬಣ್ಣದಿಂದ ಅದರಲ್ಲಿರುವ ಲೋಹವನ್ನು ಗುರುತಿಸುವ ಜ್ವಾಲಾ ಪರೀಕ್ಷೆಯಲ್ಲಿ ಲವಣ ಯಾವುದೇ ಇರಲಿ, ವಿದ್ಯಾರ್ಥಿಗಳಿಗೆ ಮೊದಲು ಕಾಣುವುದು ಹಳದಿ. ತಪ್ಪು ಕಣ್ಣಿನದಲ್ಲ, ತಂತಿಯದು. ಬೆರಳಿನ ಬೆವರಿನಲ್ಲಿ, ಧೂಳಿನಲ್ಲಿ, ನಲ್ಲಿ ನೀರಿನಲ್ಲಿ ಸೋಡಿಯಂ ಇದ್ದೇ ಇರುತ್ತದೆ. 589 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನ ಅದರ ಹಳದಿ ಬೆಳಕು ಎಷ್ಟು ಪ್ರಖರವೆಂದರೆ, ಲವಲೇಶವಿದ್ದರೂ ಪೊಟ್ಯಾಸಿಯಂನ ತೆಳು ಊದಾ ಬಣ್ಣವನ್ನು ನುಂಗಿಬಿಡುತ್ತದೆ. ಬಣ್ಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಹೊತ್ತಿನಲ್ಲಿ ಅರ್ಧವನ್ನಾದರೂ ತಂತಿ ತೊಳೆಸಲು ಕೊಡಬೇಕು.

ಪ್ಲಾಟಿನಂ ಅಥವಾ ನೈಕ್ರೋಮ್ ತಂತಿಯ ಕುಣಿಕೆಯನ್ನು ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ, ಗಾಳಿಕಿಂಡಿ ಪೂರ್ತಿ ತೆರೆದ ಬನ್ಸೆನ್ ಬರ್ನರಿನ ನೀಲಿ ಜ್ವಾಲೆಗೆ ಹಿಡಿಯಬೇಕು. ಜ್ವಾಲೆಗೆ ಬಣ್ಣ ಬರುವುದು ನಿಲ್ಲುವ ತನಕ ಇದನ್ನೇ ಮಾಡುತ್ತಿರಬೇಕು. ತಂತಿ ತೊಳೆದ ಆಮ್ಲದಲ್ಲೇ ಲವಣವನ್ನು ಕಲಸಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಕಲಸಲು ಬೇರೆ ವಾಚ್ ಗ್ಲಾಸಿನಲ್ಲಿ (ಗಾಜಿನ ಪುಟ್ಟ ತಟ್ಟೆ) ಹೊಸ ಆಮ್ಲದ ಎರಡು ಹನಿ ಸಾಕು. ಆಮ್ಲ ಲವಣವನ್ನು ಕ್ಲೋರೈಡಾಗಿಸುತ್ತದೆ, ಕ್ಲೋರೈಡುಗಳು ಬೇಗ ಆವಿಯಾಗುತ್ತವೆ, ಆಮ್ಲ ಬೇಕಾಗುವುದು ಅದಕ್ಕೇ. ರಕ್ಷಣಾ ಕನ್ನಡಕ ಕಡ್ಡಾಯ.

ಕಾದ ತಂತಿಯ ಕೆಂಪನ್ನೇ ಲವಣದ ಬಣ್ಣವೆಂದು ಬರೆಯುವುದುಂಟು. ನೋಡಬೇಕಾದದ್ದು ತಂತಿಯನ್ನಲ್ಲ, ಅದರ ಮೇಲೆ ಏಳುವ ಜ್ವಾಲೆಯನ್ನು. ಕ್ಯಾಲ್ಸಿಯಂನ ಇಟ್ಟಿಗೆ ಕೆಂಪು ಮಿಂಚಿ ಮರೆಯಾಗುತ್ತದೆ, ಆಗ ಮತ್ತೆ ಆಮ್ಲದಲ್ಲಿ ಅದ್ದಿ ಹಿಡಿಯಬೇಕು. ಬೇರಿಯಂನ ಎಳೆ ಹಸಿರು ತಡವಾಗಿ ಬಂದು ಬಹಳ ಹೊತ್ತು ನಿಲ್ಲುತ್ತದೆ, ಅವಸರಪಟ್ಟವರಿಗೆ ಸಿಗುವುದಿಲ್ಲ. ಪೊಟ್ಯಾಸಿಯಂ ಅನುಮಾನವಿದ್ದರೆ ಕೋಬಾಲ್ಟ್ ನೀಲಿ ಗಾಜಿನ ಮೂಲಕ ನೋಡಬೇಕು, ಅದು ಹಳದಿಯನ್ನು ತಡೆಯುತ್ತದೆ. ಲಿಥಿಯಂ ಮತ್ತು ಸ್ಟ್ರಾನ್ಷಿಯಂಗಳ ಕಡುಗೆಂಪನ್ನು ಬರಿಗಣ್ಣಿನಿಂದ ಬೇರ್ಪಡಿಸಿ ಹೇಳುವುದು ಕಷ್ಟ. ಬೆಳಕನ್ನು ಬಣ್ಣದ ಗೆರೆಗಳಾಗಿ ಬಿಡಿಸಿ ತೋರಿಸುವ ಚಿಕ್ಕ ರೋಹಿತದರ್ಶಕವಿದ್ದರೆ ಸ್ಟ್ರಾನ್ಷಿಯಂನ ನೀಲಿ ಗೆರೆ ಗುರುತು ಹೇಳುತ್ತದೆ. ಜರ್ಮನ್ ವಿಜ್ಞಾನಿಗಳಾದ ಬನ್ಸೆನ್ ಮತ್ತು ಕಿರ್ಖಾಫ್ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಪತ್ತೆಹಚ್ಚಿದ್ದೂ ಇಂಥ ಗೆರೆಗಳಿಂದಲೇ. ಮೆಗ್ನೀಸಿಯಂ ಲವಣ ಕೊಟ್ಟಾಗ ‘ಬಣ್ಣ ಬರಲಿಲ್ಲ’ ಎಂದು ಬರೆದವರಿಗೆ ಪೂರ್ಣ ಅಂಕ ಸಲ್ಲಬೇಕು.

ತಟ್ಟೆಗಳಲ್ಲಿ ಮೆಥನಾಲ್ ಎಂಬ ಬೇಗ ಹೊತ್ತಿಕೊಳ್ಳುವ ಆಲ್ಕೊಹಾಲ್‌ಗೆ ಲವಣ ಬೆರೆಸಿ ಬಣ್ಣಬಣ್ಣದ ಬೆಂಕಿ ತೋರಿಸುವ ಪದ್ಧತಿ ಮಾತ್ರ ನಿಲ್ಲಲೇಬೇಕು. ಆರುತ್ತಿರುವ ಮೆಥನಾಲ್ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಆರಿತೆಂದುಕೊಂಡು ಬಾಟಲಿಯಿಂದ ಮತ್ತೆ ಸುರಿದರೆ ಆವಿಗೆ ಬೆಂಕಿ ಹತ್ತಿ, ಬಾಟಲಿಯ ಬಾಯಿಂದ ಮುಂದಿನ ಸಾಲಿನವರ ಮೇಲೇ ಚಿಮ್ಮುತ್ತದೆ. ಮಕ್ಕಳು ಹೀಗೆ ಸುಟ್ಟುಕೊಂಡದ್ದು ಒಂದೆರಡು ಸಲವಲ್ಲ. ತೆಳು ಮರದ ಕಡ್ಡಿಗಳನ್ನು ಲವಣದ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿಟ್ಟು ಬರ್ನರಿನ ಜ್ವಾಲೆಗೆ ಹಿಡಿದರೆ ಇಡೀ ತರಗತಿಗೆ ಅದೇ ಬಣ್ಣಗಳನ್ನು ತೋರಿಸಬಹುದು. ದ್ರಾವಣಕ್ಕೆ ಭಟ್ಟಿ ಇಳಿಸಿದ ನೀರೇ ಆಗಬೇಕು. ಕಡ್ಡಿ ತಾನೇ ಹೊತ್ತಿಕೊಂಡರೆ ಮತ್ತೆ ಹಳದಿ, ಹಾಗಾಗಿ ಅದಕ್ಕೆ ಮೊದಲೇ ಹೊರತೆಗೆದು ನೀರಿಗೆ ಹಾಕಬೇಕು.

— ರಸಾಯನವಿಜ್ಞಾನ ಉಪನ್ಯಾಸಕರು