ಹಿನೋಕಿ ಮಂಟಪ ಬೇಡ, ಮಗಳೇ

ಸಾಗರ
ಆಷಾಢ ಶುಕ್ಲ ದಶಮಿ

ಚಿ. ಸೌ. ಮೇಧಾಳಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದು ಹನ್ನೆರಡು ದಿನವಾಯಿತು. ದೊಡ್ಡಮ್ಮನ ಲಟ್ಟಣಿಗೆಗೂ ಬೂಷ್ಟು ಬಂದಿದೆ. ಈ ಬೂಷ್ಟಿನ ಮಾತನ್ನು ನೆನಪಿನಲ್ಲಿಡು, ಮುಂದೆ ಬೇಕಾಗುತ್ತದೆ.

ನಿನ್ನ ಪತ್ರ ಓದಿ ಮೊದಲು ನಗು ಬಂತು. ಏಪ್ರಿಲ್‌ನಲ್ಲಿ ನೀನೇ ಜಪಾನಿನಿಂದ ಫೋನು ಮಾಡಿ, ಅಲ್ಲಿಯ ಹಿನೋಕಿ ಮರದ ಪರಾಗಕ್ಕೆ ಮೂಗಿನಲ್ಲೂ ಕಣ್ಣಿನಲ್ಲೂ ನೀರು ಸುರಿಸುತ್ತ, "ಈ ಹಾಳು ಹಿನೋಕಿಯನ್ನೆಲ್ಲ ಕಡಿದುಹಾಕಬೇಕು ದೊಡ್ಡಪ್ಪ" ಎಂದು ಶಪಿಸಿದ್ದೆ. ಈಗ ಅದೇ ಮರದಲ್ಲಿ ದೇವರ ಮಂಟಪ ಮಾಡಿಸಿ ಹಡಗಿನಲ್ಲಿ ಸಾಗರಕ್ಕೆ ಕಳಿಸುತ್ತೇನೆ ಎನ್ನುತ್ತೀಯ. ಏಪ್ರಿಲ್‌ನ ಕೋಪವೂ ಸರಿಯಲ್ಲ, ಈಗಿನ ಮೋಹವೂ ಸರಿಯಲ್ಲ ಎಂದು ನನಗೆ ತೋರುತ್ತದೆ. ಮರದ ಜೊತೆಯಲ್ಲೇ ಆಯುಷ್ಯ ಕಳೆದವನು ನಾನು, ನಾಲ್ಕು ಮಾತು ಹೇಳಲು ಬಿಡು.

ಕೋಪದ ವಿಚಾರ ಮೊದಲು. ಹಿನೋಕಿ ತಾನಾಗಿ ನಿನ್ನ ಮೂಗಿಗೆ ಬಂದದ್ದಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಜಪಾನಿನ ಬೆಟ್ಟಗಳು ಬೋಳಾಗಿದ್ದವು, ಸುಟ್ಟ ಊರುಗಳನ್ನು ಕಟ್ಟಲು ಮರ ಬೇಕಿತ್ತು. ಬೇಗ ನೆಟ್ಟಗೆ ಬೆಳೆಯುವ ಸುಗಿ, ಬೆಲೆ ಬಾಳುವ ಹಿನೋಕಿ, ಇವೆರಡನ್ನೇ ಸಾಲುಸಾಲಾಗಿ ನೆಟ್ಟರು. ಅವು ಕಡಿಯುವಷ್ಟಾಗುವ ಹೊತ್ತಿಗೆ ಹೊರದೇಶದ ಅಗ್ಗದ ಮರ ಬಂದು, ಬೆಟ್ಟದ ಮರವನ್ನು ಕೇಳುವವರೇ ಇಲ್ಲವಾದರು. ಈಗ ಆ ದೇಶದ ಕಾಡಿನಲ್ಲಿ ಶೇ 40ರಷ್ಟು ನೆಟ್ಟದ್ದೇ. ಪ್ರಾಯಕ್ಕೆ ಬಂದ ಮರ ಪರಾಗ ಉದುರಿಸದೆ ಇನ್ನೇನು ಮಾಡೀತು? ನಾನೂ ನೌಕರಿಯಲ್ಲಿದ್ದಾಗ ಗುಡ್ಡಗಟ್ಟಲೆ ಅಕೇಶಿಯಾ ನೆಡಿಸಿದವನು. ಅದರ ಕೆಳಗೆ ಹುಲ್ಲೂ ಹುಟ್ಟುವುದಿಲ್ಲ ಎಂದು ಊರವರು ಇವತ್ತಿಗೂ ನನ್ನ ಎದುರೇ ಬೈಯುತ್ತಾರೆ. ಬೈಯಲಿ. ಅಕೇಶಿಯಾವನ್ನು ಬೈಯುವುದಿಲ್ಲವಲ್ಲ, ಅಷ್ಟು ಸಮಾಧಾನ.

ಇನ್ನು ಮೋಹ. ಹೋದ ವರ್ಷ ನೀನು ನನ್ನನ್ನು ಕಿಸೊ ಕಣಿವೆಯ ಅಕಸಾವಾ ಕಾಡಿಗೆ ಕರೆದೊಯ್ದೆಯಲ್ಲ, ಮುನ್ನೂರು ವರ್ಷದ ಹಿನೋಕಿಗಳ ನಡುವೆ ನಾನು ಉದುರಿದ ಟೊಂಗೆಗಳನ್ನು ಆರಿಸುತ್ತಿದ್ದೆ, ನೀನು "ಬನ್ನಿ, ರೈಲು ಹೊರಡುತ್ತದೆ" ಎಂದು ಅವಸರ ಮಾಡುತ್ತಿದ್ದೆ. ನಾನು ನೋಡುತ್ತಿದ್ದದ್ದು ಎಲೆಯ ಬೆನ್ನನ್ನು. ಹಿನೋಕಿ ಎಲೆಯ ಅಡಿಯಲ್ಲಿ ಬಿಳಿಯ ಗೆರೆ ಇಂಗ್ಲಿಷಿನ ವೈ ಅಕ್ಷರದಂತಿರುತ್ತದೆ. ಅದರ ಒಡಹುಟ್ಟಾದ ಸವಾರಾದಲ್ಲಿ ಎಕ್ಸ್‌ನಂತೆ. ಅಸುನಾರೊ ಎಂಬ ದಾಯಾದಿಯ ಎಲೆ ದಪ್ಪ, ಬಿಳಿ ಪಟ್ಟಿಯೂ ಅಗಲ. ಮೇಲಿನಿಂದ ನೋಡಿದರೆ ಮೂರೂ ಒಂದೇ ಹಸಿರು. ಅಸುನಾರೊ ಎಂದರೆ "ನಾಳೆ ಆಗೋಣ" ಎಂದಂತೆ, ನಾಳೆ ನಾನೂ ಹಿನೋಕಿಯಾಗುತ್ತೇನೆ ಎಂದು ಕಾಯುತ್ತಿರುವ ಮರ ಎಂದು ಜನ ಕಥೆ ಕಟ್ಟಿದ್ದಾರೆ. ನನಗೆ ಆ ಕಥೆ ಹಿಡಿಸಲಿಲ್ಲ. ಅಂಗಡಿಗಳಲ್ಲಿ ಹಿನೋಕಿಟಿಯಾಲ್ ಎಂದು ಹೆಸರು ಬರೆದು ಸಾಬೂನು, ಹಲ್ಲಿನ ಪೇಸ್ಟು ಮಾರುತ್ತಾರಲ್ಲ, ಆ ಸತ್ವವನ್ನು 1936ರಲ್ಲಿ ನೊಝೊಯೆ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿದದ್ದು ತೈವಾನಿನ ಹಿನೋಕಿಯ ಎಣ್ಣೆಯಲ್ಲಿ. ಜಪಾನಿನ ಹಿನೋಕಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಧಾರಾಳವಾಗಿರುವುದು ಅಸುನಾರೊ ಬಳಗದ, ಅಒಮೊರಿ ಕಡೆಯ ಹಿಬಾದಲ್ಲಿ. ಹಿನೋಕಿಯಾಗಲು ಹಂಬಲಿಸುತ್ತದೆ ಎನ್ನಿಸಿಕೊಂಡ ಮರದಲ್ಲೇ ಹಿನೋಕಿಯ ಹೆಸರಿನ ಸರಕು! ಅದಕ್ಕೇ ಹೇಳುವುದು, ಮರ ಕೊಳ್ಳುವಾಗ ಹೆಸರು ಕೇಳಬೇಡ, ಯಾವ ಕೆಲಸಕ್ಕೆ ಎಂದು ಕೇಳು.

ಅಲ್ಲಿಯ ಹಳೆಯ ಕಸುಬುದಾರರು ಹಾಗೆಯೇ ಕೇಳಿದವರು. ಅನ್ನ ಹಾಕಿಡುವ ಮರದ ಪಾತ್ರೆಗೆ ಅವರು ಹಿನೋಕಿಗಿಂತ ಸವಾರಾವನ್ನೇ ಮೆಚ್ಚುತ್ತಾರೆ. ಸವಾರಾದ ವಾಸನೆ ಕಡಿಮೆ, ನೀರಿಗೂ ಜಗ್ಗುವುದಿಲ್ಲ, ಅನ್ನ ಅನ್ನದ ಹಾಗೆಯೇ ಇರುತ್ತದೆ. ಪರಿಮಳ ಬೇಕಾದ ಸ್ನಾನದ ತೊಟ್ಟಿಗೆ ಹಿನೋಕಿ. ದೇವಾಲಯದ ಮಾಡಿಗೆ ಹಿನೋಕಿಯ ತೊಗಟೆ, ಅದನ್ನೂ ಮರ ಕೊಲ್ಲದೆ ಸುಲಿಯುತ್ತಾರೆ. ಎಂಟು ಹತ್ತು ವರ್ಷ ಬಿಟ್ಟರೆ ಅದೇ ಮರ ಮತ್ತೆ ತೊಗಟೆ ಕೊಡುತ್ತದೆ. ಕಂಬಕ್ಕಂತೂ ಹಿನೋಕಿಗೆ ಸಮನಿಲ್ಲ. ಹೊರ್ಯೂಜಿ ಎಂಬ ಹಳೆಯ ಬೌದ್ಧ ದೇವಾಲಯದ ಕಂಬಗಳು 1,300 ವರ್ಷದಿಂದ ನಿಂತಿವೆ. ಕಡಿದ ಮೇಲೂ ಸುಮಾರು ಇನ್ನೂರು ವರ್ಷ ಈ ಮರದ ಬಲ ಏರುತ್ತಲೇ ಹೋಗುತ್ತದೆ ಎಂದು ಹಳೆಯ ತೊಲೆಗಳನ್ನು ಪರೀಕ್ಷಿಸಿದವರು ಹೇಳಿದ್ದಾರೆ. ಅದನ್ನು ತಿಳಿದಾಗ ನಿವೃತ್ತನಾದ ನನಗೆ ಸ್ವಲ್ಪ ಹೊಟ್ಟೆಕಿಚ್ಚಾದದ್ದು ನಿಜ.

ಆ ಮರಕ್ಕಾಗಿ ತಲೆ ಹೋದದ್ದೂ ಉಂಟು. ಎದೋ ಕಾಲದಲ್ಲಿ, ಅಂದರೆ ಹದಿನೇಳರಿಂದ ಹತ್ತೊಂಬತ್ತನೆಯ ಶತಮಾನದವರೆಗೆ, ಕಿಸೊ ಕಾಡು ಒವಾರಿ ದೊರೆಗಳದು. "ಒಂದು ಮರಕ್ಕೆ ಒಂದು ತಲೆ" ಎಂಬುದು ಅಲ್ಲಿಯ ಗಾದೆ. ಇನ್ನೊಂದು ಮರ ಎಂದುಕೊಂಡು ಹಿನೋಕಿಯನ್ನು ಕಡಿದಾರು ಎಂದು ಅದನ್ನು ಹೋಲುವ ಮರಗಳಿಗೂ ಕೊಡಲಿ ನಿಷೇಧ. ನಮ್ಮಲ್ಲಿ ಗಂಧಕ್ಕೆ ಆದದ್ದೂ ಇದೇ ತಾನೆ? ಟಿಪ್ಪು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದ. ಆಮೇಲೆ ಬಹುಕಾಲ, ಹಿತ್ತಲಿನಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದೇ. 2001ರಲ್ಲಿ ಕಾನೂನು ತಿದ್ದುವವರೆಗೆ ಗಂಧದ ಸಸಿ ಕಂಡರೆ ನಮ್ಮ ಅಪ್ಪನಂಥವರು ಸದ್ದಿಲ್ಲದೆ ಕಿತ್ತೆಸೆಯುತ್ತಿದ್ದರು.

ಈಗ ನಿನ್ನ ಮಂಟಪ. ಹಿನೋಕಿಯ ಚೆಲುವಿರುವುದು ಬಣ್ಣ ಬಳಿಯದೆ ಬಿಟ್ಟ ಮೈಯಲ್ಲಿ. ನಮ್ಮ ದೇವರ ಮುಂದೆ ಎಣ್ಣೆಯ ದೀಪ, ಕುಂಕುಮ, ಅಭಿಷೇಕದ ನೀರು, ಧೂಪದ ಹೊಗೆ. ಆ ತಿಳಿ ಮೆದುಮರದ ಮೇಲೆ ಒಂದು ತೊಟ್ಟು ಎಣ್ಣೆ ಬಿದ್ದರೂ ಕಲೆ ಹೋಗುವುದಿಲ್ಲ. ಮೇಲೆ ನಾಲ್ಕು ತಿಂಗಳ ಮಳೆ, ಆಗಲೇ ಹೇಳಿದ ಬೂಷ್ಟು. ವಾರ್ನಿಶ್ ಹೊಡೆದರೆ ಪರಿಮಳವೂ ಹೋಯಿತು, ಮತ್ತೆ ಅದು ಯಾವ ಮರವಾದರೇನು? ಮರ ಒಳಗೆ ತರಿಸಲು ರೋಗ ಕೀಟ ಇಲ್ಲವೆಂಬ ಪ್ರಮಾಣಪತ್ರದ ಗೋಜು ಬೇರೆ. ನಮ್ಮ ಸಾಗರದಲ್ಲಿ ತಲೆತಲಾಂತರದಿಂದ ಕೆತ್ತುವ ಗುಡಿಗಾರರ ಮನೆಗಳಿರುವಾಗ ಮಂಟಪ ಸಮುದ್ರ ದಾಟಿ ಬರಬೇಕೆ? ಒಳ್ಳೆಯ ಶಿವನೆ ಮರ ಸಿಗುತ್ತದೆ. ಹಲಸಿನದಾದರೆ ವರ್ಷ ಕಳೆದಂತೆ ಕೆಂಪೇರುತ್ತದೆ, ಎಣ್ಣೆ ತಾಗಿದರೆ ಇನ್ನೂ ಚಂದ.

ಅಷ್ಟು ಆಸೆಯಿದ್ದರೆ ಹಿನೋಕಿಯದೊಂದು ಮಾಸು ತಾ. ಅದೇ, ಅಲ್ಲಿಯವರು ಅಕ್ಕಿ ಅಳೆಯುತ್ತಿದ್ದ, ಸಾಕೆ ಎಂಬ ಅಕ್ಕಿಯ ಮದ್ಯ ಕುಡಿಯುವ ಚೌಕದ ಡಬ್ಬಿ. ನಿಮ್ಮ ನಗೋಯಾದ ಹತ್ತಿರದ ಒಗಾಕಿಯಲ್ಲೇ ದೇಶದ ಬಹುಪಾಲು ಮಾಸು ತಯಾರಾಗುವುದು. ದೊಡ್ಡಮ್ಮ ಪಾವಿನ ಬದಲು ಅದರಲ್ಲೇ ಅಕ್ಕಿ ಅಳೆಯಲಿ. ತರಕಾರಿ ಹೆಚ್ಚುವ ಮಣೆಯನ್ನೂ ತರುವುದಾದರೆ ಒಂದು ಮಾತು: ಹೆಚ್ಚುವ ಮೊದಲು ಮಣೆಯನ್ನು ನೀರಿನಲ್ಲಿ ನೆನೆಸಿ ಒರೆಸಬೇಕು, ಇಲ್ಲದಿದ್ದರೆ ಬಣ್ಣವನ್ನೂ ವಾಸನೆಯನ್ನೂ ಕುಡಿಯುತ್ತದೆ. ತೊಳೆದ ಮೇಲೆ ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ.

ಇನ್ನೊಂದು ಕೆಲಸ ಮಾಡು. ಒಂದು ಭಾನುವಾರ ಮಗುವನ್ನು ಕರೆದುಕೊಂಡು ಕುವಾನಾಕ್ಕೆ ಹೋಗು, ನಿಮಗೆ ದೂರವಲ್ಲ. ಅಲ್ಲಿಯ ಹಳೆಯ ಕಡವಿನ ಬಳಿ ಒಂದು ತೊರಿ, ಅಂದರೆ ಮರದ ಹೆಬ್ಬಾಗಿಲು ಇದೆ. ಇಸೆ ಎಂಬ ಊರಿನ ದೊಡ್ಡ ಶಿಂತೋ ದೇಗುಲವನ್ನು 20 ವರ್ಷಕ್ಕೊಮ್ಮೆ ಹಿನೋಕಿಯಲ್ಲಿ ಹೊಸದಾಗಿ ಕಟ್ಟುತ್ತಾರೆ, ಮುಂದಿನದು 2033ಕ್ಕೆ. ಇಳಿಸಿದ ದೊಡ್ಡ ಕಂಬಗಳು 20 ವರ್ಷ ಅಲ್ಲಿಯ ಸೇತುವೆಯ ತೊರಿಯಾಗಿ ನಿಂತು, ಆಮೇಲೆ ಈ ಕುವಾನಾಕ್ಕೆ ಬರುತ್ತವೆ. ನಾನು ಬಂದಾಗ ಮಳೆ ಸುರಿದು ನೋಡಲಾಗಲಿಲ್ಲ. ಕಂಬವನ್ನು ಮುಟ್ಟಬಿಡುವುದಾದರೆ ಎಳೆ ಹೇಗಿದೆ ಎಂದು ನೋಡಿ ಬರೆ, ಬರಿ ಫೋಟೋ ಸಾಲದು.

ಗುಡಿಗಾರರ ಬಳಿ ಶ್ರಾವಣದಲ್ಲಿ ಮಾತನಾಡುತ್ತೇನೆ. ದೇವರ ಕೋಣೆಯ ಗೋಡೆ ನಾಲ್ಕೂವರೆ ಅಡಿ ಎಂದು ನಿನ್ನ ಅಪ್ಪ ಹೇಳುತ್ತಾನೆ, ನನಗೆ ನಂಬಿಕೆಯಿಲ್ಲ, ನಾಳೆ ನಾನೇ ಹೋಗಿ ಅಳೆಯುತ್ತೇನೆ. ಮಂಟಪಕ್ಕೆ ಬಾಗಿಲು ಬೇಕೋ ಬೇಡವೋ ಎಂಬುದನ್ನು ನೀನು ಬರೆದು ತಿಳಿಸು.

ಇತಿ,
ನಿನ್ನ ದೊಡ್ಡಪ್ಪ